ಕೋವಿಗಾರ್ತಿಯ ಸರದಿ

ಕಳೆದ ಭಾನುವಾರದ ಆಟದಲ್ಲಿ ಶಾಂಭವಿ ಮಾಡಿದ್ದು ಒಂದೇ ಕೆಲಸ, ಬೇರೆಯವರ ಗಾಯಕ್ಕೆ ಸೊಪ್ಪು ಅರೆದು ಕಟ್ಟಿದ್ದು. ಮನೆಯಲ್ಲೂ ಅದೇ, ಕಚೇರಿಯಲ್ಲೂ ಅದೇ. ದಾಳ ಹಾಕುವ ಆಟದಲ್ಲೂ ಅದೇ ಆಗುವುದಾದರೆ ಆಲ್ಕೊಳದಿಂದ ಭದ್ರಾವತಿಗೆ ಬಸ್ಸಿನಲ್ಲಿ ನಿಂತು ಬರುವುದೇಕೆ? ವಾರವಿಡೀ ಯೋಚಿಸಿ ಅವಳೊಂದು ಹೊಸ ಪಾತ್ರ ಕಟ್ಟಿದಳು: ಕೋವಿಗಾರ್ತಿ. ದೂರ ನಿಂತು ಮೊದಲ ಏಟು ಹೊಡೆಯುವವಳು.

ಆಟ ಅಕ್ಕನ ಮಗಳು ಅಕ್ಷರಾಳ ಮನೆಯಲ್ಲಿ. ಅಕ್ಷರಾಳ ಗಂಡನ ಗೆಳೆಯ ಲೋಹಿತ್ ಯಾವುದೋ ರಾಜ್ಯದ ಕತೆ ಹೇಳುತ್ತಾ ಹೋಗುತ್ತಾನೆ; ಉಳಿದವರು ತಂತಮ್ಮ ಪಾತ್ರ ಏನು ಮಾಡುತ್ತದೆಂದು ಹೇಳಿ ದಾಳ ಹಾಕುತ್ತಾರೆ. ಹೊಸ ಪಾತ್ರಕ್ಕೆ ಎಲ್ಲರೂ ಒಪ್ಪಬೇಕು.

"ಕೋವಿ ಬಂದ್ರೆ ನನ್ನ ಕತ್ತಿಗೇನು ಬೆಲೆ ಅತ್ತೆ?" ಎಂದ ಅಕ್ಷರಾಳ ಗಂಡ ವೀರೇಂದ್ರ.

"ಹಂಗಾದ್ರೆ ಒಂದು ಗುಂಡು ಹೊಡೆದು ಎರಡು ಸುತ್ತು ಸುಮ್ನಿರ್ತೀನಪ್ಪ."

"ಮದ್ದು ಒದ್ದೆಯಾದ್ರೆ ಹಾರಬಾರ್ದು ಚಿಕ್ಕಮ್ಮ," ಎಂದಳು ಅಕ್ಷರಾ.

"ಆಯ್ತು, ಹಾರಲ್ಲ."

ನೆಂಟರಿಗೆಲ್ಲ ಹಂಚಿದ ಹಲಸಿನ ಹಣ್ಣಿನಂತಾಯಿತು ಕೋವಿ. ಅಂಟು ಮಾತ್ರ ಶಾಂಭವಿಯ ಕೈಗೆ.

ಆಡದೆ ಕುರ್ಚಿಯಲ್ಲಿ ಕೂತಿದ್ದ ಅಕ್ಷರಾಳ ಮಾವ ಮುರುಗೇಶಪ್ಪ ಪೇಪರ್ ಮಡಿಸಿದರು. "ಬೆಳೆ ಕಾಯೋ ಕೋವಿ ನಂದೂ ಒಂದಿದೆ ನೋಡಮ್ಮ. ಎಲೆಕ್ಷನ್ ಬಂದ್ರೆ ಸ್ಟೇಷನ್‌ಗೆ ಒಯ್ದು ಇಡ್ಬೇಕು. ಅದನ್ನೂ ಸೇರಿಸ್ಕೊ."

ಲೋಹಿತನ ಮುಖ ಅರಳಿತು. "ಸೂಪರ್ ಅಂಕಲ್! ನಮ್ಮ ರಾಜ್ಯದಲ್ಲೂ ಇವತ್ತೇ ಎಲೆಕ್ಷನ್ ಡಿಕ್ಲೇರ್ ಆಯ್ತು."

"ಅಲ್ಲಿ ರಾಜ ಇದಾನಲ್ಲೋ ಮಾರಾಯ!" ಎಂದಳು ಶಾಂಭವಿ.

"ಪಂಚಾಯ್ತಿ ಎಲೆಕ್ಷನ್ ಆಂಟಿ."

ಕೋವಿಗಾರ್ತಿ ಕೋವಿಯನ್ನು ಠಾಣೆಯಲ್ಲಿಟ್ಟಳು. ಹಿಂದೆಯೇ ಬೆಟ್ಟದಿಂದ ರಾಕ್ಷಸ ಇಳಿದ. ಉಳಿದವರು ಕಾದಾಡುವಾಗ ಅವಳು ಠಾಣೆಯ ಬೆಂಚಿನ ಮೇಲೆ. ಕೋವಿ ವಾಪಸು ಕೇಳಿದಾಗಲೆಲ್ಲ ಲೋಹಿತ್, "ಸಾಹೇಬ್ರು ಊಟಕ್ಕೆ ಹೋಗಿದಾರೆ," ಎನ್ನುತ್ತಿದ್ದ. ಎಲ್ಲರ ಜೊತೆ ಶಾಂಭವಿಯೂ ನಕ್ಕಳು. ನಗದಿದ್ದರೆ ಮುನಿಸಿಕೊಂಡಳು ಅನ್ನುತ್ತಾರೆ.

ರಾಕ್ಷಸ ಸಾಯಲಿಲ್ಲ, ವೀರೇಂದ್ರನ ಕತ್ತಿ ಮುರಿಯಿತು. "ಲೋಹಿತ್, ಆ ಕೋವಿ ನಾನು ತಗೊಳ್ಲಾ?"

"ತಗೊ. ಆದ್ರೆ ಎರಡು ಸುತ್ತು ಕಾಯೋದು, ಒದ್ದೆ ಆಗೋದು ಎಲ್ಲ ಬೇಡ ಮಾರಾಯ, ಆಟ ನಿಧಾನ ಆಗುತ್ತೆ." ಅವನು ಶಾಂಭವಿಯ ಕಡೆ ತಿರುಗಿದ. "ಆಂಟಿ, ಹೆಂಗೂ ಠಾಣೆಯಲ್ಲೇ ಇದೀರ. ಪೊಲೀಸ್ ಪಾತ್ರ ನೀವೇ ಮಾಡಿ."

ಶಾಂಭವಿ ನೆಟ್ಟಗೆ ಕೂತಳು. ಕೊಡುವುದಿಲ್ಲ ಎನ್ನಬಹುದಾದ ಒಂದು ವಸ್ತು ಅವಳ ಬಳಿ ಇದ್ದದ್ದು ಯಾವಾಗ?

"ಎಲೆಕ್ಷನ್ ಮುಗೀಲಿ, ಆಮೇಲೆ ಬನ್ನಿ," ಎಂದಳು ವೀರೇಂದ್ರನಿಗೆ.

ವೀರೇಂದ್ರ ಲೋಹಿತನ ಕಡೆ ನೋಡಿದ. ಅವಳಿಗೆ ಎದೆಯಲ್ಲಿ ಏನೋ ಹಗುರಾಯಿತು.

ಲೋಹಿತ್ ದಾಳವನ್ನೂ ಮುಟ್ಟಲಿಲ್ಲ. "ರಾಜರ ಓಲೆ ಬಂತು ಆಂಟಿ. 'ನಮ್ಮ ಹುಡುಗ, ಕೊಟ್ಟು ಕಳಿಸಿ' ಅಂತ."

"ಹಾಂ, ಇದು ಕರೆಕ್ಟು. ನಮ್ಮಲ್ಲೂ ಹಂಗೇ," ಎಂದರು ಮುರುಗೇಶಪ್ಪ.

ಶಾಂಭವಿ ಎರಡೂ ಕೈ ಮುಂದೆ ಚಾಚಿ, ಇಲ್ಲದ ಕೋವಿಯನ್ನು ಕೊಟ್ಟಳು. ಯಾಕೋ ಅದು ಬಹಳ ಭಾರವಿತ್ತು.