ಹದಿಮೂರನೇ ಬಾಟಲಿ

ನಿವೃತ್ತಿಗೆ ಮೂರು ವರ್ಷ ಉಳಿದಿರುವ ವಿಜ್ಞಾನ ಟೀಚರಿಗೆ ಹೊಸ ಸ್ಪರ್ಧೆಯ ಸುತ್ತೋಲೆಯಷ್ಟು ಸುಸ್ತು ತರುವ ವಸ್ತು ಇನ್ನೊಂದಿಲ್ಲ. ಓದುವ ಮೊದಲೇ ನನಗೆ ಸೊಂಟ ನೋಯುತ್ತದೆ. ಈ ಸಲದ್ದು ಹೈಸ್ಕೂಲು ಮಕ್ಕಳ ಜಲ ಸಂಶೋಧನಾ ಸ್ಪರ್ಧೆ. ಹೆಡ್‌ಮಾಸ್ಟರು ಅದನ್ನು ನನ್ನ ಮೇಜಿನ ಮೇಲಿಟ್ಟು, ಹೇಗೂ ನೀವಿದ್ದೀರಲ್ಲ ಎಂದು ಹೊರಟುಹೋದರು. ಇದ್ದೇನೆ, ಅದೇ ನನ್ನ ತಪ್ಪು. ಒಂಬತ್ತನೆಯ ತರಗತಿಯ ಸಫಾ ಮಾತ್ರ ಸುತ್ತೋಲೆಯನ್ನು ಎರಡು ಸಲ ಓದಿ, ವೇಣೂರಿನ ಹನ್ನೆರಡು ಮನೆಗಳ ಬಾವಿನೀರನ್ನು ಪರೀಕ್ಷೆ ಮಾಡುವ ಎಂದಳು. ಅದಕ್ಕೆಂದೇ ಒಳಗೆ ಪರೀಕ್ಷೆಯ ಮದ್ದು ಹಾಕಿ ಬರುವ ಪುಟ್ಟ ಬಾಟಲಿಗಳನ್ನು ತರಿಸಿದೆವು. ನೀರು ತುಂಬಿಸಿ ಎರಡು ದಿನ ಇಡಬೇಕು. ಕೊಳೆ ಸೇರಿದ ನೀರಾದರೆ ಕಪ್ಪಾಗುತ್ತದೆ.

ನಮ್ಮಲ್ಲಿ ಮನೆಗೆ ಬಂದವರಿಗೆ ಮೊದಲು ಬೆಲ್ಲ, ನೀರು. ನೀರಿನ ಗುಣ ನೋಡಲು ಬಂದವರೇ ಕೊಟ್ಟ ನೀರನ್ನು ಬೇಡವೆಂದರೆ ಮನೆಯವರಿಗೆ ಹೇಗಾದೀತು? ಮೊದಲ ಮನೆಯ ಅಜ್ಜಿ ಲೋಟ ಹಿಡಿದು ನನ್ನ ಮುಖವನ್ನೇ ನೋಡುತ್ತ ನಿಂತರು. ಕುಡಿದೆ. ಹನ್ನೆರಡು ಮನೆಗಳಲ್ಲೂ ಕುಡಿದೆ. ಸಫಾಳಿಗೆ ರಂಜಾನಿನ ಉಪವಾಸ. ಹಾಗಾಗಿ ಅವಳ ಪಾಲಿನ ಮರ್ಯಾದೆಯನ್ನೂ ನಾನೇ ಕುಡಿದು ತೀರಿಸಿದೆ. ಎರಡು ದಿನ ಕಳೆದು ನೋಡಿದರೆ ನಾಲ್ಕು ಬಾಟಲಿ ಕಪ್ಪು. ನನ್ನ ಹೊಟ್ಟೆಗೆ ಈ ಫಲಿತಾಂಶ ಒಂದು ದಿನ ಮೊದಲೇ ಗೊತ್ತಾಗಿತ್ತು. ಆ ನಾಲ್ಕು ಮನೆಗಳಿಗೆ ಮತ್ತೆ ಹೋಗಿ, ಕುದಿಸಿ ಕುಡಿಯಿರಿ ಎಂದು ಹೇಳಿ ಬಂದೆವು. ನಿಮ್ಮ ಬಾಟಲಿಯೇ ಸರಿಯಿಲ್ಲವೇನೋ ಎಂದ ಯಜಮಾನರೊಬ್ಬರಿಗೆ ವಿಜ್ಞಾನ ಸುಳ್ಳು ಹೇಳುವುದಿಲ್ಲವೆಂದು ಗಟ್ಟಿಯಾಗಿಯೇ ಹೇಳಿದೆ.

ಹೋಲಿಸಲು ಒಂದು ಒಳ್ಳೆಯ ನೀರು ಬೇಕಲ್ಲ ಎಂದು ಹದಿಮೂರನೆಯದಾಗಿ ನಮ್ಮ ಮನೆಯ ಬಾವಿನೀರು ತಂದುಕೊಟ್ಟೆ. ಸ್ಟಾಫ್ ರೂಮಿನಲ್ಲಿ ವರ್ಷಗಟ್ಟಲೆ ನಾನು ಹೊಗಳಿಕೊಂಡ ನೀರು ಅದು. ಎಲ್ಲಕ್ಕಿಂತ ಕಪ್ಪಾದದ್ದು ಅದೇ. ನನಗೆ ನಾಚಿಕೆಯಾಯಿತು. ವರದಿ ಮೂಡುಬಿದಿರೆಯಲ್ಲಿ ನಡೆಯುವ ಸ್ಪರ್ಧೆಯಲ್ಲಿ ಎಲ್ಲರೆದುರು ಓದುವಂಥದ್ದು. ನಾನು ಮನೆಯಿಂದ ನೀರು ತಂದ ಪಾತ್ರೆ ಸರಿ ತೊಳೆದಿರಲಿಕ್ಕಿಲ್ಲ, ಇದೊಂದನ್ನು ಬಿಟ್ಟುಬಿಡುವ ಎಂದು ಮೆಲ್ಲಗೆ ಸೂಚಿಸಿದೆ.

ಸಫಾ ಪೆನ್ನು ಕೆಳಗಿಟ್ಟಳು. "ಆ ನಾಲ್ಕು ಮನೆಯವರಿಗೆ ನಾವೇ ಹೋಗಿ ಹೇಳಿ ಆಗಿದೆ ಟೀಚರ್. ಈಗ ನಿಮ್ಮದನ್ನು ಹೇಗೆ ಬಿಡುವುದು? ಬೇಕಾದ್ರೆ ನಾನೇ ಬಂದು ಇನ್ನೊಮ್ಮೆ ನೀರು ತೆಗೀತೇನೆ."

ಹಬ್ಬ ಕಳೆದ ಮೇಲಿನ ಶನಿವಾರ ಬಂದಳು. ಬಾವಿಯಿಂದ ತಾನೇ ನೀರು ಸೇದಿ, ಬಾಟಲಿ ತುಂಬಿಸಿ, ಹದಿಮೂರು ಎಂದು ಚೀಟಿ ಅಂಟಿಸಿದಳು. ನಾನು ಅಭ್ಯಾಸಬಲದಿಂದ ಬೆಲ್ಲ, ನೀರು ತಂದಿಟ್ಟೆ. ಈಗ ಉಪವಾಸದ ನೆಪವೂ ಇರಲಿಲ್ಲ. ಅವಳು ಲೋಟ ನೋಡಿದಳು, ನನ್ನನ್ನು ನೋಡಿದಳು.

"ಕುದಿಸಿದ್ದಾ ಟೀಚರ್?"

ಇಲ್ಲವೆಂದೆ.

"ಹಾಗಾದ್ರೆ ಬೆಲ್ಲ ಸಾಕು."

ನನಗೆ ನಿಜವಾಗಿಯೂ ಬೇಸರವಾಯಿತು. ಕಲಿಸಿದವಳು ನಾನೇ ಆದ್ದರಿಂದ ಬೈಯುವ ಹಾಗೂ ಇರಲಿಲ್ಲ. ಮೊದಲ ಮನೆಯ ಅಜ್ಜಿಯ ಹಾಗೆ ಲೋಟ ಹಿಡಿದು ಅವಳ ಮುಖವನ್ನೇ ನೋಡುತ್ತ ನಿಂತೆ.