ಒಂದೇ ಒಂದು ಚೆಕ್‌ಪಾಯಿಂಟ್

ಚರ್ಚಾಸ್ಪರ್ಧೆಯಲ್ಲಿ ನಾನು ಸೋತದ್ದು ಕಡಿಮೆ. ಗೆದ್ದು ತಂದ ಸ್ಟೀಲ್ ತಟ್ಟೆಗಳಲ್ಲೇ ಮೈಸೂರಿನ ನಮ್ಮಮ್ಮ ಇವತ್ತಿಗೂ ನೆಂಟರಿಗೆ ಊಟ ಬಡಿಸುತ್ತಾಳೆ. ಹೀಗಿರುವ ನನಗೆ ಜಗತ್ತಿನ ಯಾವ ಅಧಿಕಾರಿಯನ್ನಾದರೂ ತರ್ಕದಿಂದ ಬಗ್ಗಿಸಬಹುದೆಂಬ ನಂಬಿಕೆ ಇದ್ದದ್ದು ಸಹಜ.

ಹ್ಯೂಸ್ಟನ್ ಪಕ್ಕದ ಕೇಟಿಯಲ್ಲಿ ನಮ್ಮ ನೆರೆಮನೆಯವರು ಹನಾನ್ ಆಂಟಿ. ಪ್ಯಾಲೆಸ್ತೀನಿನವರು, ಈಗ ಅಮೆರಿಕದ ಪ್ರಜೆ. ಅವರ ತಾಯಿ ವೆಸ್ಟ್ ಬ್ಯಾಂಕಿನ ಹಳ್ಳಿಯೊಂದರಲ್ಲಿ. ಆ ಅಜ್ಜಿ ಮಗಳ ಮನೆಗೆ ಬರಲು ಅಮೆರಿಕದ ವೀಸಾ ಬೇಕು. ವೀಸಾ ಸಂದರ್ಶನಕ್ಕೆ ಜೆರುಸಲೇಮಿಗೆ ಹೋಗಬೇಕು. ಹೋಗಲು ಇಸ್ರೇಲಿನ ಮಿಲಿಟರಿ ಆಡಳಿತದ ಪರ್ಮಿಟ್ ಬೇಕು. ಪರ್ಮಿಟ್ ಎರಡು ಸಲ ಬಂತು. ಎರಡು ಸಲವೂ ಸಂದರ್ಶನದ ದಿನ ದಾಟಿದ ಮೇಲೆ.

"ನೀವು ಸರಿಯಾದ ಪ್ರಶ್ನೆ ಕೇಳಿಲ್ಲ ಆಂಟಿ," ಎಂದು ನಾನು ತೀರ್ಪು ಕೊಟ್ಟಿದ್ದೆ. "ತರ್ಕಬದ್ಧವಾಗಿ ಕೇಳಿದ್ರೆ ಯಾರಾದ್ರೂ ಉತ್ತರ ಕೊಡ್ಲೇಬೇಕು."

ಆಂಟಿ ಟೀಗೆ ಪುದೀನ ಹಾಕುತ್ತಾ, "ಸಕ್ಕರೆ ಎಷ್ಟು?" ಎಂದರು.

ಮೂರನೆಯ ಪರ್ಮಿಟ್ ಸಮಯಕ್ಕೆ ಬಂತು, ವೀಸಾವೂ ಸಿಕ್ಕಿತು. ಏಳು ವರ್ಷದ ಮೇಲೆ ತಾಯಿ–ಮಗಳ ಭೇಟಿ. ಭಾನುವಾರ ಮಧ್ಯಾಹ್ನ ಮೂರಕ್ಕೆ ಅಜ್ಜಿಯ ವಿಮಾನ ಹ್ಯೂಸ್ಟನ್ನಿನಲ್ಲಿ ಇಳಿಯಬೇಕು. ಅಜ್ಜಿಗೆ ಇಂಗ್ಲಿಷ್ ಬರದು, ಅವರ ಫೋನ್ ಇಲ್ಲಿ ನಡೆಯದು.

ಆಂಟಿ ಆ ವಾರ ಮೆಕ್ಸಿಕೊ ಗಡಿಯ ಊರಿನಲ್ಲಿ ಬಾಣಂತಿ ಮಗಳ ಮನೆಯಲ್ಲಿದ್ದರು. ನಾನು ಅಲ್ಲೇ ಹತ್ತಿರದ ಸಮುದ್ರ ನೋಡಲು ಹೋಗಿದ್ದೆ. "ನಾನು ಡ್ರೈವ್ ಮಾಡ್ತೀನಿ. ಎರಡಕ್ಕೆಲ್ಲ ಏರ್‌ಪೋರ್ಟಲ್ಲಿರ್ತೀವಿ," ಎಂದೆ.

ಗಡಿಯಿಂದ ಉತ್ತರಕ್ಕೆ ಬರುವ ಹೆದ್ದಾರಿಯಲ್ಲಿ ಅಮೆರಿಕದ ಗಡಿ ಪೊಲೀಸರ ಒಂದು ಚೆಕ್‌ಪಾಯಿಂಟ್ ಇದೆ. ಅದಿನ್ನೂ ಅರ್ಧ ಮೈಲಿ ದೂರವಿರುವಾಗಲೇ ಆಂಟಿ ರೇಡಿಯೋ ಆರಿಸಿದರು, ಕಪ್ಪು ಕನ್ನಡಕ ತೆಗೆದರು, ಪ್ಲಾಸ್ಟಿಕ್ ಕವರಿನಿಂದ ಪಾಸ್‌ಪೋರ್ಟ್ ತೆಗೆದು ತೊಡೆಯ ಮೇಲಿಟ್ಟುಕೊಂಡರು. "ಕೇಳಿದ್ದಕ್ಕಷ್ಟೇ ಉತ್ತರ ಕೊಡು, ಹಬೀಬ್ತಿ." ಮುದ್ದಿನಿಂದ ಅವರು ನನ್ನನ್ನು ಕರೆಯುವುದೇ ಹಾಗೆ.

ಅಧಿಕಾರಿ ಬಗ್ಗಿ ಕೇಳಿದ: "ಇಬ್ಬರೂ ಅಮೆರಿಕದ ಪ್ರಜೆಗಳಾ?"

"ನಾನು ಹೌದು," ಎಂದರು ಆಂಟಿ.

ನಾನು ಹೇಳಬೇಕಾಗಿದ್ದದ್ದು 'ಅಲ್ಲ, ಕೆಲಸದ ವೀಸಾ' ಎಂದಷ್ಟೇ. ಹೇಳಿದ್ದು: "ಗಡಿ ಯಾವಾಗಲೋ ಹಿಂದೆ ಉಳಿಯಿತು. ಒಳನಾಡಿನಲ್ಲಿ ಈ ಪ್ರಶ್ನೆಗೆ ಆಧಾರವೇನು? ನನ್ನ ವಾದದಲ್ಲಿ ಮೂರು ಅಂಶಗಳಿವೆ."

ಎರಡನೆಯ ಅಂಶಕ್ಕೆ ಬರುವಷ್ಟರಲ್ಲಿ ಕಾರು ಪಕ್ಕದ ತಪಾಸಣೆ ಶೆಡ್ಡಿನಲ್ಲಿತ್ತು.

ದಾಖಲೆ ಕೇಳಿದರು. ಗತ್ತಿನಿಂದ ಕೊಟ್ಟೆ: ಪಾಸ್‌ಪೋರ್ಟಿನ ಜೆರಾಕ್ಸ್, ಲ್ಯಾಮಿನೇಟ್ ಮಾಡಿಸಿದ್ದು, ಮೇಲೆ ಮೈಸೂರಿನ ಪ್ರಿನ್ಸಿಪಾಲರೊಬ್ಬರ ಹಸಿರು ಸಹಿ ಮತ್ತು ಸೀಲು. ಒರಿಜಿನಲ್ ಮನೆ ಬಿಟ್ಟು ಕದಲಬಾರದೆಂಬುದು ನಮ್ಮಮ್ಮನ ಕಟ್ಟಪ್ಪಣೆ. ಅಧಿಕಾರಿ ಆ ಸೀಲನ್ನು ಬಹಳ ಹೊತ್ತು, ಬಹಳ ಗೌರವದಿಂದ ನೋಡಿದ. ಆಮೇಲೆ ಬೆಂಚು ತೋರಿಸಿದ.

ಗಂಡನಿಗೆ ಫೋನ್ ಮಾಡಿದೆ. "ಗಿರೀಶ, ಬೀರುನಲ್ಲಿ ರೇಷ್ಮೆ ಸೀರೆ ಕೆಳಗೆ ನನ್ನ ಪಾಸ್‌ಪೋರ್ಟಿದೆ. ಫೋಟೊ ತೆಗೆದು ಕಳಿಸು."

"ಬೀರು ಕೀ ಎಲ್ಲೇ?"

"ಅಕ್ಕಿ ಡಬ್ಬದಲ್ಲಿ."

ಹತ್ತು ನಿಮಿಷ ಬಿಟ್ಟು: "ಎರಡು ಡಬ್ಬನೂ ಸುರಿದೆ. ಬರೀ ಅಕ್ಕಿ ಇದೆ."

"ಹಾಗಾದ್ರೆ ತೊಗರಿಬೇಳೆದರಲ್ಲಿ ನೋಡು."

"ಕಳ್ಳರಿಗೂ ಇಷ್ಟು ಕಷ್ಟ ಕೊಡಬಾರದು ಕಣೇ."

ಬೆಂಚಿನ ಮೇಲೆ ಕೂತು ಮೂರನೆಯ ಅಂಶವನ್ನು ಹರಿತಗೊಳಿಸುತ್ತಿದ್ದೆ. ಕೇಳುವವರಿರಲಿಲ್ಲ. ಚರ್ಚಾಸ್ಪರ್ಧೆಯಲ್ಲಿ ತೀರ್ಪುಗಾರರಿರುತ್ತಾರೆ, ಇಬ್ಬರಿಗೂ ಒಂದೇ ಗಂಟೆ ಬಾರಿಸುತ್ತಾರೆ. ಇಲ್ಲಿ ಗಂಟೆಯೂ ಎದುರು ಪಕ್ಷದವರದೇ.

ಆಂಟಿ ಚೀಲದಿಂದ ಫ್ಲಾಸ್ಕು, ರೊಟ್ಟಿ, ಆಲಿವ್ ತೆಗೆದರು. ಈ ಪ್ರಯಾಣಕ್ಕೆ ಇಷ್ಟು ಊಟ ಯಾಕೆ ಎಂದು ಬೆಳಿಗ್ಗೆ ಆಧಾರ ಕೇಳಿದ್ದವಳು ನಾನೇ. ಅವರು ಒಂದು ಸಲವೂ ಗಡಿಯಾರ ನೋಡಲಿಲ್ಲ. ಬೈದಿದ್ದರೆ ವಾದ ಮಾಡಬಹುದಿತ್ತು.

"ಅಮ್ಮ ಹೊರಗೆ ಬಂದು ನನ್ನನ್ನ ಹುಡುಕ್ತಾಳೆ," ಎಂದರು ಮೆಲ್ಲಗೆ. "ನನ್ನನ್ನೂ ತಡೆದ್ರು ಅಂದ್ಕೋತಾಳೆ."

ನಾನು ಆಲಿವ್ ನುಂಗಿದೆ. ಬೀಜ ಸಮೇತ.

ಕೀಲಿ ಕೊನೆಗೆ ಉದ್ದಿನಬೇಳೆಯಲ್ಲಿ ಸಿಕ್ಕಿತು. ಫೋಟೊ ಬಂತು, ಅವರ ಕಂಪ್ಯೂಟರ್ ಒಪ್ಪಿತು, ಬಿಟ್ಟರು. ಅಷ್ಟರಲ್ಲಿ ನಾಲ್ಕು ಗಂಟೆ ಕಾಲ ಹೋಗಿತ್ತು. ಗಿರೀಶನನ್ನು ಆಂಟಿಯ ತಾಯಿಯ ಹೆಸರಿನ ಬೋರ್ಡು ಹಿಡಿಸಿ ಏರ್‌ಪೋರ್ಟಿಗೆ ಓಡಿಸಿದೆ. ದಾರಿಯಲ್ಲಿ ಅವನ ಫೋನು: "ಅಜ್ಜಿ ಸಿಕ್ಕಿದ್ರು. ಆದ್ರೆ ಏಳ್ತಿಲ್ಲ. ನನ್ನ ಐಡಿ ತೋರ್ಸು ಅಂತ ಕೈಸನ್ನೆ ಮಾಡಿದ್ರು. ತೋರಿಸ್ದೆ. ಫೋಟೊ ಸರಿ ಇಲ್ವಂತೆ ಅನ್ಸತ್ತೆ, ತಲೆ ಆಡಿಸ್ತಿದ್ದಾರೆ."

ನಾವು ತಲುಪಿದಾಗ ಸಂಜೆ ಆರು. ಅಜ್ಜಿ ಸೂಟ್‌ಕೇಸಿನ ಮೇಲೆ ನೆಟ್ಟಗೆ ಕೂತಿದ್ದರು, ಕೈಯಲ್ಲಿ ಪ್ಲಾಸ್ಟಿಕ್ ಕವರು. ಐದು ಹೆಜ್ಜೆ ದೂರದಲ್ಲಿ ಗಿರೀಶ ಬೋರ್ಡು ಹಿಡಿದು ನಿಂತಿದ್ದ. ತಾಯಿ–ಮಗಳು ತಬ್ಬಿಕೊಂಡು ನಿಂತದ್ದು ಎಷ್ಟು ಹೊತ್ತೋ, ನಾನು ನೆಲದ ಟೈಲ್ಸ್ ಎಣಿಸಿದೆ.

ಆಮೇಲೆ ಅಜ್ಜಿ ಏನೋ ಕೇಳಿದರು. ಆಂಟಿ ನನ್ನತ್ತ ತಿರುಗಿ, "ತಡ ಆಗೋಕೆ ಎಷ್ಟು ಚೆಕ್‌ಪಾಯಿಂಟ್ ಇತ್ತು ಅಂತ ಕೇಳ್ತಿದ್ದಾಳೆ. ಅವಳು ನಾಲ್ಕು ದಾಟಿ ಬಂದಳಂತೆ," ಎಂದರು.

"ಒಂದು," ಎಂದೆ. ಜೀವನದಲ್ಲಿ ನಾನು ಕೊಟ್ಟ ಮೊದಲ ಒಂದು ಪದದ ಉತ್ತರ.

ಆಂಟಿ ಅದನ್ನು ನನ್ನ ಮೂರು ಅಂಶಗಳ ಸಮೇತ ಅರಬ್ಬಿಗೆ ತಿರುಗಿಸಿದರು. ಅಜ್ಜಿ ನನ್ನ ಕೆನ್ನೆ ಸವರಿ ಮತ್ತೇನೋ ಹೇಳಿದರು.

"ಏನಂತೆ?"

"ಮನೆಗೆ ಹೋಗೋವಾಗ ಕಾರು ನಾನು ಓಡಿಸ್ಬೇಕಂತೆ, ನೀನು ಹಿಂದಿನ ಸೀಟಲ್ಲಿ ಕೂತ್ಕೋಬೇಕಂತೆ."

ಕೂತೆ. ಆಧಾರ ಕೇಳಲಿಲ್ಲ.