ವಿಡಿಯೋನೇ ಇದೆಯಲ್ಲ

ನಮ್ಮ ಚಿಕ್ಕಪ್ಪನನ್ನು ನಂಬಿಸುವುದು ಬಲು ಕಷ್ಟ, ಬರೆದು ಹೇಳಿದರೆ. ಅದನ್ನೇ ವಿಡಿಯೋ ಮಾಡಿ ಕಳಿಸಿ ನೋಡಿ, ಗಂಜಿ ಕುಡಿದಷ್ಟು ಸಲೀಸಾಗಿ ಒಳಗಿಳಿಸಿಕೊಳ್ಳುತ್ತಾರೆ.

ಹೊನ್ನಾವರದ ಈ ಮಹಾಶಯರು ನಿವೃತ್ತ ಬಸ್ ಕಂಡಕ್ಟರ್. "ನಕಲಿ ಪಾಸು ನೋಡಿ ನೋಡಿ ಸಾಕಾಗಿದೆ. ಕಾಗದ ಸುಳ್ಳು ಹೇಳ್ತದೆ ತಂಗಿ, ಮುಖ ಹೇಳೂದಿಲ್ಲ" ಎಂಬುದು ಅವರ ಸಿದ್ಧಾಂತ. ಹಾಗಾಗಿ ವಾಟ್ಸಾಪಿನಲ್ಲಿ ಬರೀ ಅಕ್ಷರ ಬಂದರೆ ಅವರ ಬಸ್ಸು ನಿಲ್ಲುವುದೇ ಇಲ್ಲ. ಫೋಟೋ ಆದರೆ ನಿಂತು ಬರಬಹುದು. ಆಡಿಯೋಕ್ಕೆ ಸೀಟು. ವಿಡಿಯೋಕ್ಕೆ ಕಿಟಕಿ ಪಕ್ಕದ ಸೀಟು.

ಹೋದ ಮಳೆಗಾಲ ಹೆದ್ದಾರಿಯಲ್ಲಿ ಗುಡ್ಡ ಕುಸಿದಿದೆ, ಹೊರಡಬೇಡಿ ಎಂದು ಮೆಸೇಜು ಹಾಕಿದೆ. "ಯಾರೋ ಬರೆದದ್ದು" ಎಂದು ಹೊರಟರು. ಸಂಜೆಯವರೆಗೆ ಬಸ್ಸಿನಲ್ಲೇ ಕೂತು, ಪರಿಚಯವಿಲ್ಲದವರ ಬಾಳೆಹಣ್ಣು ತಿಂದು ಮರಳಿದರು. ಮರುವಾರ ಯಾರೋ ಅಳುತ್ತಾ ಉಪ್ಪು ಸಿಗುವುದಿಲ್ಲ ಎಂದ ಆಡಿಯೋ ಬಂತು. ಉಪ್ಪು ಬೆಳೆಯುವ ತಾಲೂಕಿನ ಪಕ್ಕದಲ್ಲಿದ್ದುಕೊಂಡು ಮೂಟೆಗಟ್ಟಲೆ ಉಪ್ಪು ತಂದಿಟ್ಟರು. ಆಷಾಢದ ಗಾಳಿಗೆ ಅದು ನೀರಾಗಿ ಅಡುಗೆಮನೆಯಲ್ಲಿ ಅರಬ್ಬೀ ಸಮುದ್ರ. ಚಿಕ್ಕಮ್ಮ ಮಾತು ಬಿಟ್ಟರು.

ಇಲ್ಲಿಯವರೆಗೆ ನಗಬಹುದಿತ್ತು. ಆಮೇಲೆ ಬಂತು ಬಿಳಿ ಕೋಟಿನವನ ವಿಡಿಯೋ: ಬಿಪಿ ಗುಳಿಗೆ ಬಿಡಿ, ಅದರಿಂದ ಕಿಡ್ನಿ ಹಾಳು. ಚಿಕ್ಕಪ್ಪ ಬಿಟ್ಟೇಬಿಟ್ಟರು. ಸುಳ್ಳೆಂದು ವಿವರಿಸುವ ಲೇಖನ ಕಳಿಸಿದೆ. "ಓದಿದೆ, ಚೆಂದ ಬರ್ದಾರೆ" ಎಂದರು. ಇಂಥವರ ಜೊತೆ ಏಗುವುದು ಹೇಗೆ ಹೇಳಿ?

ಮೀನುಪೇಟೆಯಲ್ಲಿ ತಲೆ ತಿರುಗಿ ಬಿದ್ದವರನ್ನು ಕುಮಟಾದ ಆಸ್ಪತ್ರೆಗೆ ಸೇರಿಸಿದೆವು.

"ಗುಳಿಗೆ ಎಂತಕ್ಕೆ ಬಿಟ್ರಿ?" ಎಂದರು ಡಾಕ್ಟರಮ್ಮ.

"ಡಾಕ್ಟ್ರೇ ಹೇಳಿದ್ರು. ವಿಡಿಯೋನೇ ಇದೆಯಲ್ಲ."

ಡಾಕ್ಟರಮ್ಮ ವಿಡಿಯೋ ನೋಡಿ, "ಕೋಟು ಅಂಗಡೀಲಿ ಸಿಗ್ತದೆ. ಇವನ ಕೋಟಿಗೆ ಬೆಲೆಚೀಟಿ ಇನ್ನೂ ಹಾಗೇ ಇದೆ" ಎಂದು ಫೋನು ಮರಳಿಸಿದರು.

ಚಿಕ್ಕಪ್ಪ ಕಣ್ಣು ಕಿರಿದು ಮಾಡಿ ನೋಡಿದರು. ಮುಖ ಬಿಳಿಚಿತು. ನಾಚಿಕೆಯೆಂದುಕೊಂಡೆ. ಅಲ್ಲ.

"ಬೆಳಕೆಗೆ ಫೋನ್ ಹಚ್ಚು" ಎಂದರು. ಭಟ್ಕಳದಾಚೆಯ ಬೆಳಕೆ ಊರಲ್ಲಿ ಇರುವುದು ಇವರ ಬಸ್ಸನ್ನು ವರ್ಷಗಟ್ಟಲೆ ಓಡಿಸಿದ ಡ್ರೈವರು. ಅದೇ ವಿಡಿಯೋವನ್ನು ಚಿಕ್ಕಪ್ಪ ಅವರಿಗೂ ಕಳಿಸಿದ್ದರು.

ಡ್ರೈವರು ನಕ್ಕರು. "ಗುಳಿಗೆ ಬಿಟ್ಟು ಆರಾಮಿದ್ದೇನೆ. ನಿಂಗೆ ಬೇರೆ ಎಂತದೋ ಆಗಿರಬೇಕು."

ಬಿಡುಗಡೆಯಾದ ದಿನ ಚಿಕ್ಕಪ್ಪ ಹೊನ್ನಾವರದಲ್ಲಿ ಇಳಿಯಲೇ ಇಲ್ಲ. "ಮನೆಗೆ ಆಮೇಲೆ ಹೋದ್ರಾತು" ಎಂದು ಸೀಟಿಗೆ ಅಂಟಿಕೊಂಡರು. ಭಟ್ಕಳ ದಾಟಿ ಬೆಳಕೆ ಮುಟ್ಟುವವರೆಗೂ ನಾನು ಗೊಣಗುತ್ತಲೇ ಇದ್ದೆ.

ಡ್ರೈವರು ಅಂಗಳದಲ್ಲಿ ಬದನೆ ಸಸಿಗೆ ನೀರು ಹಾಕುತ್ತಿದ್ದರು.

"ಆ ವಿಡಿಯೋ ಸುಳ್ಳು ಮಾರಾಯ" ಎಂದರು ಚಿಕ್ಕಪ್ಪ.

"ನಾ ಅದನ್ನ ಪೂರ್ತಿ ನೋಡಲೇ ಇಲ್ಲ. ನೀ ಕಳಿಸಿದ್ದು ಅಂತ ಗುಳಿಗೆ ಬಿಟ್ಟೆ" ಎಂದರು ಡ್ರೈವರು. "ನೀ ಸೀಟಿ ಊದಿದ್ರೆ ಹಿಂದೆ ನೋಡದೇ ಬಸ್ಸು ರಿವರ್ಸ್ ತೆಗೆದವ ನಾನು."

ಚಿಕ್ಕಪ್ಪ ಒಳಗಿಂದ ಡ್ರೈವರರ ಗುಳಿಗೆ ತರಿಸಿ, ಬಿಡಿಸಿ, ಅವರ ಅಂಗೈಗೆ ಹಾಕಿದರು. ನೀರಿನ ಲೋಟವನ್ನು ತಾವೇ ಹಿಡಿದು, ಅದು ಗಂಟಲಿಳಿಯುವವರೆಗೆ ಗೆಳೆಯನ ಮುಖವನ್ನೇ ನೋಡುತ್ತ ನಿಂತರು.